ಪರದೆಯಿಂದ ಪರದೆಗೆ ಹಾರಿದ ಒದೆ

ಒಂದೇ ಒಂದು ಒದೆಯ ಗಾಳಿಗೆ ಸಾಲಾಗಿ ಉರಿಯುತ್ತಿದ್ದ ಮೇಣದ ಬತ್ತಿಗಳು ಆರಿಹೋಗುತ್ತವೆ. 1984ರ ಹಾಂಗ್‌ಕಾಂಗ್ ಚಿತ್ರ ‘ವೀಲ್ಸ್ ಆನ್ ಮೀಲ್ಸ್’ನ ಕೊನೆಯ ಕಾಳಗ ಅದು. ಸ್ಪೇನ್‌ನ ಹಳೆಯ ಕೋಟೆಯೊಳಗಿನ ಊಟದ ಕೋಣೆಯಲ್ಲಿ ಜಾಕಿ ಚಾನ್ ಎದುರಿಗೆ ಬೆನ್ನಿ ಉರ್ಕಿಡೆಜ್ ನಿಂತಿದ್ದಾರೆ. ಅವರು ನಟರಲ್ಲ, ಅಮೆರಿಕದ ಕಿಕ್‌ಬಾಕ್ಸಿಂಗ್ ಚಾಂಪಿಯನ್. ಬೆನ್ನಿ ಮೈ ತಿರುಗಿಸಿ ಕಾಲು ಬೀಸುತ್ತಾರೆ, ಚಾನ್ ತಪ್ಪಿಸಿಕೊಳ್ಳುತ್ತಾರೆ. ಗುರಿ ತಪ್ಪಿದ ಆ ಕಾಲಿನ ರಭಸಕ್ಕೆ ದೀಪಗಳು ಒಟ್ಟಿಗೇ ನಂದುತ್ತವೆ. ಈ ದೃಶ್ಯವನ್ನು ಎಷ್ಟು ಸಲ ನೋಡಿದರೂ ನಾನು ಬೆನ್ನಿಯವರ ಮುಖ ನೋಡುವುದಿಲ್ಲ, ದೀಪಗಳನ್ನೇ ನೋಡುತ್ತೇನೆ. ಒದೆ ನಿಜವಾದದ್ದು ಎಂಬುದಕ್ಕೆ ಅವೇ ಸಾಕ್ಷಿ.

ಈ ಸಿನಿಮಾ ಜಪಾನಿನಲ್ಲಿ ‘ಸ್ಪಾರ್ಟನ್ ಎಕ್ಸ್’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಅದೇ ಹೆಸರಿನಲ್ಲಿ ಐರೆಮ್ ಎಂಬ ಕಂಪನಿ ಒಂದು ವಿಡಿಯೊ ಗೇಮ್ ತಂದಿತು. ಬೇರೆ ದೇಶಗಳಲ್ಲಿ ಅದು ‘ಕುಂಗ್‌ಫು ಮಾಸ್ಟರ್’ ಆಯಿತು. ಐದು ಅಂತಸ್ತಿನ ಕಟ್ಟಡ, ಅಂತಸ್ತಿಗೊಬ್ಬ ಕಾವಲುಗಾರ, ಒಬ್ಬೊಬ್ಬನನ್ನೇ ಸೋಲಿಸುತ್ತ ಮೇಲೇರಬೇಕಾದ ನಾಯಕ. ಈ ಕಟ್ಟಡ ಮಾತ್ರ ಜಾಕಿ ಚಾನ್ ಚಿತ್ರದ್ದಲ್ಲ. ಬ್ರೂಸ್ ಲೀ 1972ರಲ್ಲಿ ಚಿತ್ರೀಕರಣ ಆರಂಭಿಸಿ, ಮುಗಿಸುವ ಮೊದಲೇ ತೀರಿಕೊಂಡ ‘ಗೇಮ್ ಆಫ್ ಡೆತ್’ನ ಪಗೋಡ ಅದು. ಆ ಗೇಮ್ ಮಾಡಿದ ತಕಾಶಿ ನಿಶಿಯಾಮ ಮುಂದೆ ಕ್ಯಾಪ್ಕಾಮ್ ಕಂಪನಿ ಸೇರಿದರು. ಅಲ್ಲಿ 1987ರಲ್ಲಿ ಅವರು ಮಾಡಿದ ಗೇಮ್‌ನ ಹೆಸರು ‘ಸ್ಟ್ರೀಟ್ ಫೈಟರ್’.

ಗೇಮ್‌ಗಳಿಂದ ಬಂದ ಮಾರ್ಷಲ್ ಆರ್ಟ್ಸ್ ಸಿನಿಮಾಗಳ ಕಥೆಯನ್ನು ಬಹಳ ಜನ ಸೋಲುಗಳ ಪಟ್ಟಿ ಓದುವಂತೆ ಹೇಳಿ ಮುಗಿಸುತ್ತಾರೆ. ಸೋಲುಗಳು ಇದ್ದವು, ನಿಜ. ಆದರೆ ಆ ಕಥೆ ಗೇಮ್‌ನಿಂದ ಶುರುವಾಗುವುದೇ ಇಲ್ಲ. ಅದು ಶುರುವಾಗುವುದು ಮನುಷ್ಯನ ಮೈಯಿಂದ. ಸಿನಿಮಾದಲ್ಲಿ ಒಬ್ಬರು ಒದ್ದರು, ಆ ಒದೆಯನ್ನು ಗೇಮ್ ಎತ್ತಿಕೊಂಡಿತು, ಗೇಮ್‌ನಿಂದ ಅದು ಸಿನಿಮಾಕ್ಕೆ ಮರಳಿತು. ಈ ಓಡಾಟದಲ್ಲಿ ಒದ್ದವರು ಯಾರು ಎಂಬುದು ಎಲ್ಲಿ ನೆನಪಿತ್ತೋ ಅಲ್ಲಿ ಚಿತ್ರಕ್ಕೆ ಜೀವ ಬಂತು. ಮರೆತಲ್ಲಿ ಬಣ್ಣದ ಉಡುಪು ಮಾತ್ರ ಉಳಿಯಿತು.

ಮೊದಲ ಸ್ಟ್ರೀಟ್ ಫೈಟರ್‌ನ ಯಂತ್ರದಲ್ಲೂ ಮೈಗೆ ಪಾಲು ಇತ್ತು. ದೊಡ್ಡ ಯಂತ್ರದಲ್ಲಿ ಗುಂಡಿಗಳ ಬದಲು ಎರಡು ದಪ್ಪ ಮೆತ್ತೆಗಳಿದ್ದವು. ಆಡುವವರು ಎಷ್ಟು ಜೋರಾಗಿ ಗುದ್ದುತ್ತಾರೋ ಪರದೆಯ ಮೇಲಿನ ಏಟೂ ಅಷ್ಟೇ ಜೋರು. ಕೈ ನೋಯಿಸಿಕೊಂಡವರೇ ಹೆಚ್ಚು, ಹಾಗಾಗಿ ಆರು ಗುಂಡಿಗಳ ಯಂತ್ರವೇ ಉಳಿದುಕೊಂಡಿತು. 1991ರಲ್ಲಿ ಬಂದ ಎರಡನೆಯ ಭಾಗ ಜಗತ್ತನ್ನೇ ಹಿಡಿದುಕೊಂಡಿತು. ಎಂಟು ಮಂದಿ ಯೋಧರು, ಹಲವು ದೇಶಗಳು, ಹಲವು ವರಸೆಗಳು. ಒಂದು ಏಟಿಗೆ ಇನ್ನೊಂದನ್ನು ಪೋಣಿಸುವ ‘ಕಾಂಬೊ’ ಹುಟ್ಟಿದ್ದು ಈ ಗೇಮ್‌ನಿಂದಲೇ. ಅದನ್ನು ಯಾರೂ ಯೋಚಿಸಿ ಇಟ್ಟಿರಲಿಲ್ಲ. ಕಾರು ಪುಡಿಮಾಡುವ ಬೋನಸ್ ಆಟವನ್ನು ಪರೀಕ್ಷಿಸುವಾಗ, ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಿದರೆ ಒಂದು ಏಟು ಹೆಚ್ಚಿಗೆ ಬೀಳುತ್ತದೆ ಎಂಬುದು ಕಣ್ಣಿಗೆ ಬಿತ್ತು. ತಪ್ಪೆಂದು ತೆಗೆಯದೆ ಹಾಗೇ ಬಿಟ್ಟರು. ಆ ತಪ್ಪಿನ ಮೇಲೇ ಒಂದು ಇಡೀ ಪ್ರಕಾರ ನಿಂತಿತು.

ಆ ಎಂಟು ಮಂದಿಯಲ್ಲಿ ಒಬ್ಬ ಭಾರತೀಯ. ಹೆಸರು ಧಾಲ್‌ಸಿಮ್. ಕೊರಳಲ್ಲಿ ಪುಟ್ಟ ತಲೆಬುರುಡೆಗಳ ಹಾರ, ರಬ್ಬರಿನಂತೆ ಉದ್ದವಾಗುವ ಕೈಕಾಲು, ಬಾಯಲ್ಲಿ ಬೆಂಕಿ, ಹಿನ್ನೆಲೆಯಲ್ಲಿ ಸಾಲು ಆನೆಗಳು. ನಮ್ಮ ಯಾವ ಊರಿನ ಯಾವ ಯೋಗಿಯೂ ಹೀಗಿರಲಿಲ್ಲ. ಆದರೆ ಅವನಿಗೊಬ್ಬ ಅಣ್ಣ ಸಿನಿಮಾದಲ್ಲಿ ಇದ್ದ. 1976ರ ‘ಮಾಸ್ಟರ್ ಆಫ್ ದ ಫ್ಲೈಯಿಂಗ್ ಗಿಲೊಟಿನ್’ ಚಿತ್ರದ ಪಂದ್ಯದಲ್ಲಿ ಭಾರತದಿಂದ ಬಂದ ಯೋಗಿಯೊಬ್ಬ ಕೈಗಳನ್ನು ಮಾರುದ್ದ ಚಾಚಿ ಎದುರಾಳಿಗೆ ಹೊಡೆಯುತ್ತಾನೆ. ಕುಂಗ್‌ಫು ಸಿನಿಮಾ ಕಲ್ಪಿಸಿಕೊಂಡ ಭಾರತವೇ ಗೇಮ್‌ನ ಭಾರತವಾಯಿತು.

ಸ್ಟ್ರೀಟ್ ಫೈಟರ್‌ನ ರುಚಿ ಸಿನಿಮಾಕ್ಕೆ ಮೊದಲು ಹತ್ತಿದ್ದು ಹಾಲಿವುಡ್‌ನಲ್ಲಿ ಅಲ್ಲ, ಹಾಂಗ್‌ಕಾಂಗ್‌ನಲ್ಲಿ. 1993ರ ಆರಂಭದಲ್ಲಿ ಬಂದ ‘ಸಿಟಿ ಹಂಟರ್’ ವಾಂಗ್ ಜಿಂಗ್ ನಿರ್ದೇಶನದ ಚಿತ್ರ. ಹಡಗಿನ ಮೇಲೆ ಹೊಡೆದಾಟ ನಡೆಯುತ್ತಿರುವಾಗ ಜಾಕಿ ಚಾನ್ ವಿಡಿಯೊ ಗೇಮ್ ಯಂತ್ರಕ್ಕೆ ಅಪ್ಪಳಿಸುತ್ತಾರೆ, ಕರೆಂಟು ಹೊಡೆಯುತ್ತದೆ. ಕಣ್ಣು ಬಿಟ್ಟರೆ ಎದುರಿಗಿರುವ ದಾಂಡಿಗ ಸ್ಟ್ರೀಟ್ ಫೈಟರ್‌ನ ಕೆಂಪು ಉಡುಪಿನ ಕೆನ್ ಆಗಿದ್ದಾನೆ. ಚಾನ್ ತಾವೂ ಸುಮೊ ಪೈಲ್ವಾನ ಹೋಂಡಾ ಆಗುತ್ತಾರೆ. ಅದು ಸಾಲದೆ ನೀಲಿ ಲಂಗ, ತಲೆಯ ಮೇಲೆ ಎರಡು ಗಂಟು ಕಟ್ಟಿದ ಚುನ್-ಲಿ ಆಗಿ ಗಿರಗಿರನೆ ತಿರುಗಿ ಒದೆಯುತ್ತಾರೆ. ಗೇಮ್‌ನ ಸದ್ದುಗಳೇ ಕೇಳುತ್ತವೆ, ಗೇಮ್‌ನಂತೆಯೇ ಮೈ ತಡೆತಡೆದು ಅಲುಗುತ್ತದೆ. ಕೆನ್ ಆಗಿದ್ದವರು ಬ್ರಿಟನ್ನಿನ ಗ್ಯಾರಿ ಡೇನಿಯಲ್ಸ್. ಬೆರಳೆಣಿಕೆಯ ನಿಮಿಷಗಳ ಆ ತುಣುಕಿನಷ್ಟು ಗೇಮ್‌ನ ಉಸಿರನ್ನು ಹಿಡಿದ ಇನ್ನೊಂದು ದೃಶ್ಯ ಮುಂದಿನ ಎಷ್ಟೋ ವರ್ಷ ಬರಲಿಲ್ಲ. ಕಾರಣವೂ ಕಣ್ಣೆದುರೇ ಇದೆ. ಗೇಮ್‌ನ ಅಸಾಧ್ಯ ಪಟ್ಟುಗಳನ್ನು ಮಾಡಿ ತೋರಿಸುವ ಮೈ ಅಲ್ಲಿತ್ತು.

ಅತ್ತ ಅಮೆರಿಕದ ಶಿಕಾಗೊದಲ್ಲಿ ನಾಲ್ಕು ಜನರ ಪುಟ್ಟ ತಂಡವೊಂದು ಬೇರೆಯದೇ ದಾರಿ ಹಿಡಿದಿತ್ತು. ಮಿಡ್‌ವೇ ಕಂಪನಿಯ ಎಡ್ ಬೂನ್ ಮತ್ತು ಜಾನ್ ಟೋಬಿಯಸ್ ಅವರಿಗೆ ಮೊದಲು ನಟ ಜಾನ್-ಕ್ಲಾಡ್ ವ್ಯಾನ್ ಡ್ಯಾಮ್ ಅವರನ್ನು ಹಾಕಿಕೊಂಡು ಗೇಮ್ ಮಾಡುವ ಆಸೆ. ಅದು ಕೈಗೂಡಲಿಲ್ಲ. ಆಗ ಜಾನಿ ಕೇಜ್ ಎಂಬ ಸಿನಿಮಾ ನಟನ ಪಾತ್ರ ಸೃಷ್ಟಿಸಿದರು, ಹೆಸರಿನ ಮೊದಲಕ್ಷರಗಳನ್ನು ಹಾಗೇ ಉಳಿಸಿಕೊಂಡರು. 1988ರ ‘ಬ್ಲಡ್‌ಸ್ಪೋರ್ಟ್’ನಲ್ಲಿ ವ್ಯಾನ್ ಡ್ಯಾಮ್ ಕಾಲುಗಳನ್ನು ಎರಡೂ ಬದಿಗೆ ನೀಡಿ ನೆಲಕ್ಕೆ ಕೂತು ಎದುರಾಳಿಯ ಜನನಾಂಗಕ್ಕೆ ಗುದ್ದುವ ಪಟ್ಟನ್ನೇ ಅವನಿಗೆ ಕೊಟ್ಟರು. ಚಿತ್ರ ಬರೆಯುವ ಬದಲು ನಿಜವಾದ ಮಾರ್ಷಲ್ ಆರ್ಟ್ಸ್ ಕಲಾವಿದರನ್ನು ವಿಡಿಯೊ ಕ್ಯಾಮೆರಾ ಮುಂದೆ ನಿಲ್ಲಿಸಿ, ಒಂದೊಂದು ಭಂಗಿಯನ್ನೂ ಸೆರೆಹಿಡಿದು ಕಂಪ್ಯೂಟರಿಗೆ ಇಳಿಸಿದರು. ಜಾನಿ ಕೇಜ್, ಸ್ಕಾರ್ಪಿಯನ್, ಸಬ್-ಜೀರೊ ಮೂವರೂ ಡೇನಿಯಲ್ ಪೆಸಿನಾ ಒಬ್ಬರೇ. ನಿಂಜಾ ಉಡುಪು ಒಂದೇ. ಕಂಪ್ಯೂಟರಿನಲ್ಲಿ ಬಣ್ಣ ಬದಲಿಸಿದರೆ ಹಳದಿಯವನು ಸ್ಕಾರ್ಪಿಯನ್, ನೀಲಿಯವನು ಸಬ್-ಜೀರೊ. ಲಿಯು ಕಾಂಗ್ ಆಗಿ ಹಾರಿದವರು ವುಶು ಪಟು ಹೋ-ಸಂಗ್ ಪಾಕ್. ಗುಡುಗಿನ ದೇವರು ರೇಡನ್ ಆದವರು ಪೆಸಿನಾ ಅವರ ತಮ್ಮ ಕಾರ್ಲೋಸ್.

‘ಮಾರ್ಟಲ್ ಕಾಂಬ್ಯಾಟ್’ 1992ರಲ್ಲಿ ಬಂತು. ಸೋತವನ ತಲೆಯನ್ನು ಬೆನ್ನುಮೂಳೆ ಸಮೇತ ಕಿತ್ತೆತ್ತುವ ಕೊನೆಯ ಪಟ್ಟು ಮಕ್ಕಳ ಬಾಯಲ್ಲೆಲ್ಲ ಹರಿದಾಡಿತು. 1993ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ವಿಡಿಯೊ ಗೇಮ್ ಹಿಂಸೆಯ ಬಗ್ಗೆ ವಿಚಾರಣೆಯನ್ನೇ ನಡೆಸಿತು, ಮರುವರ್ಷ ಗೇಮ್‌ಗಳಿಗೆ ವಯಸ್ಸಿನ ಗುರುತು ಹಾಕುವ ವ್ಯವಸ್ಥೆ ಬಂತು. ಇಷ್ಟು ಗದ್ದಲವಾದ ಮೇಲೆ ಹಾಲಿವುಡ್ ಸುಮ್ಮನಿದ್ದೀತೇ?

ಈ ಎರಡರಲ್ಲಿ ಮೊದಲು ಹೊರಟದ್ದು ಸ್ಟ್ರೀಟ್ ಫೈಟರ್. ಸುಮಾರು 3.5 ಕೋಟಿ ಡಾಲರ್ ಬಂಡವಾಳ, 1994ರ ಕ್ರಿಸ್‌ಮಸ್‌ಗೆ ಬಿಡುಗಡೆಯ ಗಡುವು. ‘ಡೈ ಹಾರ್ಡ್’ನ ಬರಹಗಾರರಲ್ಲಿ ಒಬ್ಬರಾದ ಸ್ಟೀವನ್ ಡಿ ಸೋಜಾ ಕಥೆಯನ್ನೂ ಬರೆದು ನಿರ್ದೇಶನವನ್ನೂ ಮಾಡಿದರು. ಚಿತ್ರೀಕರಣ ನಡೆದದ್ದು ಬ್ಯಾಂಕಾಕ್‌ನಲ್ಲಿ, ಆಮೇಲೆ ಆಸ್ಟ್ರೇಲಿಯಾದಲ್ಲಿ. ಡಿ ಸೋಜಾ ಅವರಿಗೆ ಪಂದ್ಯದ ಸಿನಿಮಾ ಬೇಡವಾಗಿತ್ತು, ಜೇಮ್ಸ್ ಬಾಂಡ್ ಮಾದರಿಯ ಯುದ್ಧಸಾಹಸ ಬೇಕಿತ್ತು. ಕ್ಯಾಪ್ಕಾಮ್‌ಗೋ ತನ್ನ ಪಾತ್ರಗಳಲ್ಲಿ ಒಂದನ್ನೂ ಬಿಡಲು ಮನಸ್ಸಿಲ್ಲ. ಗೇಮ್‌ನ ನಾಯಕ ರ್‍ಯೂ ಸಿನಿಮಾದಲ್ಲಿ ಸಣ್ಣಪುಟ್ಟ ಮೋಸಗಾರನಾಗಿ ಬದಿಗೆ ಸರಿದ. ವ್ಯಾನ್ ಡ್ಯಾಮ್ ಮಾಡಿದ ಕರ್ನಲ್ ಗೈಲ್ ನಡುವೆ ಬಂದು ನಿಂತ. ಗೇಮ್‌ಗೆ ಸಿಗದೆ ತಪ್ಪಿಸಿಕೊಂಡಿದ್ದ ನಟ ಕೊನೆಗೆ ಎದುರಾಳಿ ಗೇಮ್‌ನ ಸಿನಿಮಾದಲ್ಲಿ ಸಿಕ್ಕರು.

ಆ ನಟರಿಗೆಲ್ಲ ಹೊಡೆದಾಟ ಕಲಿಸಲು ಬಂದವರು ಯಾರು ಗೊತ್ತೇ? ಬೆನ್ನಿ ಉರ್ಕಿಡೆಜ್. ಹತ್ತು ವರ್ಷದ ಹಿಂದೆ ಮೇಣದ ಬತ್ತಿ ಆರಿಸಿದ ಅದೇ ಕಾಲು. ಅವರ ಸಿನಿಮಾದ ಹೆಸರು ಹೊತ್ತ ಗೇಮ್ ಮಾಡಿದವರೇ ಮುಂದೆ ಸ್ಟ್ರೀಟ್ ಫೈಟರ್ ಮಾಡಿದರು, ಆ ಸ್ಟ್ರೀಟ್ ಫೈಟರ್ ಸಿನಿಮಾ ಆಗುವಾಗ ಮತ್ತೆ ಅವರೇ ಬಂದರು. ಇಷ್ಟೆಲ್ಲ ಕೂಡಿಬಂದರೂ ಚಿತ್ರದಲ್ಲಿ ನೆನಪಿನಲ್ಲಿ ಉಳಿಯುವ ಒಂದು ಹೊಡೆದಾಟ ಇಲ್ಲ. ಮನಸ್ಸಿಗೆ ನಿಜಕ್ಕೂ ನೋವಾಗುವುದು ಅಲ್ಲೇ. ಹತ್ತಾರು ಪಾತ್ರಗಳು, ಟ್ಯಾಂಕು, ದೋಣಿ, ಸ್ಫೋಟ. ಇವುಗಳ ನಡುವೆ ಇಬ್ಬರು ಎದುರುಬದುರು ನಿಂತು ಒಬ್ಬರ ಉಸಿರನ್ನೊಬ್ಬರು ಅಳೆಯುವ ಗಳಿಗೆಯೇ ಬರುವುದಿಲ್ಲ.

ಆದರೂ ಆ ಚಿತ್ರವನ್ನು ತಳ್ಳಿಹಾಕಲು ನನ್ನಿಂದ ಆಗದು. ಅದಕ್ಕೆ ಕಾರಣ ರಾಲ್ ಜೂಲಿಯಾ. ನ್ಯೂಯಾರ್ಕಿನ ರಂಗಭೂಮಿಯಲ್ಲಿ ಶೇಕ್ಸ್‌ಪಿಯರ್ ಪಾತ್ರಗಳನ್ನು ಮಾಡಿ ಹೆಸರಾದ ಆ ಪೋರ್ಟೊರಿಕೊ ನಟ ಸರ್ವಾಧಿಕಾರಿ ಬೈಸನ್ ಪಾತ್ರ ಒಪ್ಪಿಕೊಂಡದ್ದು ತಮ್ಮ ಮಕ್ಕಳಿಗೆ ಆ ಗೇಮ್ ಪ್ರಾಣವಾಗಿತ್ತು ಎಂಬ ಕಾರಣಕ್ಕೆ. ಆಗಲೇ ಕ್ಯಾನ್ಸರ್ ಅವರನ್ನು ಹಿಂಡಿತ್ತು. ಸೊರಗಿದ ಕೆನ್ನೆಗಳು ತೆರೆಯ ಮೇಲೆ ಕಾಣುತ್ತವೆ. ದನಿಯಲ್ಲಿ ಮಾತ್ರ ಎಲ್ಲಿಯೂ ಸೋಲಿಲ್ಲ. ಮಿಂಗ್-ನಾ ವೆನ್ ಮಾಡಿದ ಚುನ್-ಲಿ, ತನ್ನ ಅಪ್ಪನನ್ನು ಬೈಸನ್ ಕೊಂದ ದಿನವನ್ನು ಬಿಡಿಬಿಡಿಯಾಗಿ ಹೇಳುವ ದೃಶ್ಯವೊಂದಿದೆ. ಅವನಿಗೆ ಅದು ನೆನಪೇ ಇಲ್ಲ. ನಿನ್ನ ಬದುಕಿನ ಅತಿದೊಡ್ಡ ದಿನ ನನಗೆ ಬರಿಯ ಒಂದು ಮಂಗಳವಾರ ಎಂಬರ್ಥದ ಮಾತನ್ನು ಜೂಲಿಯಾ ಹೇಳುವಾಗ ಕೂಗುವುದಿಲ್ಲ, ಹಲ್ಲು ಕಡಿಯುವುದಿಲ್ಲ. ಹವಾಮಾನ ಹೇಳಿದಷ್ಟೇ ಹಗುರವಾಗಿ ಹೇಳಿ ಮುಗಿಸುತ್ತಾರೆ. ಕೇಡು ಎಂದರೇನು ಎಂಬುದನ್ನು ಅಷ್ಟು ಚಿಕ್ಕದಾಗಿ ಹೇಳಿದ ಮಾತು ಆ ಕಾಲದ ದೊಡ್ಡ ಚಿತ್ರಗಳಲ್ಲೂ ಅಪರೂಪ. 1994ರ ಅಕ್ಟೋಬರ್ 24ರಂದು, 54ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಚಿತ್ರ ತೆರೆಕಂಡದ್ದು ಎರಡು ತಿಂಗಳ ನಂತರ, ಕೊನೆಯಲ್ಲಿ ಅವರ ಹೆಸರಿಗೆ ವಿದಾಯ ಹೇಳುತ್ತ.

ನಮ್ಮವರೊಬ್ಬರೂ ಅಲ್ಲಿದ್ದರು. ದೂರದರ್ಶನದ ‘ಭಾರತ್ ಏಕ್ ಖೋಜ್’ನಲ್ಲಿ ನೆಹರೂ ಆಗಿ ಮನೆಮನೆಗೆ ಬಂದಿದ್ದ ರೋಶನ್ ಸೇಠ್ ಧಾಲ್‌ಸಿಮ್ ಪಾತ್ರ ಮಾಡಿದರು. ಬುರುಡೆಯ ಹಾರ ಇಲ್ಲ, ಚಾಚುವ ಕೈಗಳಿಲ್ಲ. ಬೈಸನ್‌ನ ಸೆರೆಯಲ್ಲಿರುವ ವಿಜ್ಞಾನಿ ಅವನು. ಸೆರೆಸಿಕ್ಕ ಸೈನಿಕನೊಬ್ಬನ ಮಿದುಳಿಗೆ ಹಿಂಸೆಯ ದೃಶ್ಯಗಳನ್ನು ತುಂಬಿ ರಾಕ್ಷಸನನ್ನಾಗಿ ಮಾಡು ಎಂಬ ಅಪ್ಪಣೆ ಬಂದರೆ, ಕಾವಲುಗಾರರ ಕಣ್ಣುತಪ್ಪಿಸಿ ಒಳ್ಳೆಯ ದೃಶ್ಯಗಳನ್ನು ತುಂಬುತ್ತಾನೆ. ಕೊನೆಗೆ ಆ ಸೈನಿಕನನ್ನು ಒಂಟಿಯಾಗಿ ಬಿಡಲಾರದೆ ಕುಸಿಯುವ ಕೋಟೆಯೊಳಗೇ ಉಳಿಯುತ್ತಾನೆ. ಗೇಮ್‌ನ ಅಭಿಮಾನಿಗಳಿಗೆ ಇದು ಸಿಟ್ಟು ತರಿಸಿತು. ಬೆಂಕಿಯುಗುಳುವ ಆ ಯೋಗಿಗಿಂತ ಈ ದಣಿದ ವಿಜ್ಞಾನಿಯನ್ನೇ ನಾನು ಹೆಚ್ಚು ಇಷ್ಟಪಡುತ್ತೇನೆ.

ವಿಮರ್ಶಕರು ಜರೆದರು. ಜನ ನೋಡಿದರು, ಜಗತ್ತಿನಾದ್ಯಂತ ಸುಮಾರು 10 ಕೋಟಿ ಡಾಲರ್ ಗಳಿಕೆಯಾಯಿತು. 1995ರಲ್ಲಿ ಸಿನಿಮಾದ ನಟರನ್ನೇ ಕ್ಯಾಮೆರಾಕ್ಕೆ ಹಿಡಿದು ಮತ್ತೊಂದು ಗೇಮ್ ಮಾಡಿದರು, ಅದೂ ಮಾರ್ಟಲ್ ಕಾಂಬ್ಯಾಟ್ ಮಾದರಿಯಲ್ಲಿ. ಗೇಮ್‌ನಿಂದಾದ ಸಿನಿಮಾದಿಂದಾದ ಗೇಮ್!

ಥಾಯ್ಲೆಂಡಿಗೆ 1994ರಲ್ಲೇ ಇನ್ನೊಂದು ತಂಡವೂ ಬಂದಿಳಿದಿತ್ತು. ಮಾರ್ಟಲ್ ಕಾಂಬ್ಯಾಟ್‌ನ ನಿರ್ಮಾಪಕ ಲ್ಯಾರಿ ಕಸನಾಫ್, ನಿರ್ದೇಶಕ ಪಾಲ್ ಆ್ಯಂಡರ್ಸನ್. ಆ್ಯಂಡರ್ಸನ್ ಬ್ರಿಟನ್ನಿನ ಹುಡುಗ, ಹಿಂದೆ ಮಾಡಿದ್ದು ಒಂದೇ ಸಿನಿಮಾ. ಆದರೆ ಗೇಮ್ ಆಡಿದ್ದರು, ಅದರ ಬೇರು ಎಲ್ಲಿದೆ ಎಂಬುದೂ ತಿಳಿದಿತ್ತು. ದ್ವೀಪವೊಂದರಲ್ಲಿ ಪಂದ್ಯ, ದೋಣಿಯಲ್ಲಿ ಬರುವ ಮೂವರು, ಸೇಡಿಗೆ ಬಂದ ಚೀನೀ ಯುವಕ, ಹಮ್ಮಿನ ಅಮೆರಿಕನ್ನ. ಇದು 1973ರ ‘ಎಂಟರ್ ದ ಡ್ರ್ಯಾಗನ್’ನ ಮೂಳೆ. ಗೇಮ್ ಅದನ್ನು ಕಡ ತಂದಿತ್ತು, ಆ್ಯಂಡರ್ಸನ್ ಬಡ್ಡಿ ಸಮೇತ ಹಿಂದಿರುಗಿಸಿದರು. ದೋಣಿಯಲ್ಲಿ ಮಾತ್ರ ಹೋಗಬಹುದಾದ ಫ್ರಾನಾಂಗ್ ಕಡಲತೀರ ಅವರ ದ್ವೀಪವಾಯಿತು.

ಲಿಯು ಕಾಂಗ್ ಪಾತ್ರಕ್ಕೆ ರಾಬಿನ್ ಶೂ ಬಂದರು. ಹಾಂಗ್‌ಕಾಂಗ್‌ನಲ್ಲಿ ಹುಟ್ಟಿ, ವುಶು ಕಲಿತು, ಅಲ್ಲಿನ ಆ್ಯಕ್ಷನ್ ಸಿನಿಮಾಗಳಲ್ಲಿ ಏಟು ತಿಂದು ಬೆಳೆದವರು. ಚಿತ್ರದ ಫೈಟ್ ಮಾಸ್ಟರ್ ‘ಕರಾಟೆ ಕಿಡ್’ ಖ್ಯಾತಿಯ ಪ್ಯಾಟ್ ಜಾನ್ಸನ್. ಅವರ ಜತೆ ಶೂ ಕೂಡ ಹೊಡೆದಾಟಗಳನ್ನು ಕಟ್ಟಿದರು. ಮೊದಲ ಪ್ರತಿ ತೋರಿಸಿದಾಗ ಪ್ರೇಕ್ಷಕರು ಹೇಳಿದ್ದು ಒಂದೇ: ಹೊಡೆದಾಟ ಸಾಲದು. ದುಡ್ಡು ಹೊಂದಿಸಿ ಮತ್ತೆ ಚಿತ್ರೀಕರಣ ಮಾಡಿದರು. ಲಿಯು ಕಾಂಗ್ ಮತ್ತು ರೆಪ್ಟೈಲ್ ಕಾಳಗ ಹೀಗೆ ಬಂತು. ಕತ್ತಲೆಯ ಆವರಣದಲ್ಲಿ ಇಬ್ಬರೇ, ಹಿಂದೆ ಟೆಕ್ನೊ ಸಂಗೀತದ ಬಡಿತ. ರೆಪ್ಟೈಲ್ ಆಗಿ ಕೀತ್ ಕುಕ್ ಒದೆಗಳ ಮೇಲೆ ಒದೆ ಪೋಣಿಸುತ್ತಾರೆ. ಶೂ ಗಾಳಿಗೆ ಎಸೆಯಲ್ಪಟ್ಟು ಬೀಳುತ್ತಾರೆ, ಏಳುತ್ತಾರೆ, ಮತ್ತೆ ಬೀಳುತ್ತಾರೆ. ಕೊನೆಗೆ ಗೇಮ್‌ನ ಲಿಯು ಕಾಂಗ್‌ನಂತೆ ಗಾಳಿಯಲ್ಲಿ ಸೈಕಲ್ ತುಳಿದ ಹಾಗೆ ಸರಸರ ಒದೆಯುತ್ತ ಎದುರಾಳಿಯನ್ನು ಹಿಂದಕ್ಕೆ ನೂಕುತ್ತಾರೆ. ಈ ಕಾಳಗದಲ್ಲಿ ಅವರ ಪಕ್ಕೆಲುಬು ಮುರಿಯಿತು. ಜಾನಿ ಕೇಜ್ ಆಗಿದ್ದ ಲಿಂಡನ್ ಆ್ಯಶ್‌ಬಿ ಸ್ಕಾರ್ಪಿಯನ್ ಜತೆಗಿನ ಕಾಳಗದಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಮಾಡಿಕೊಂಡರು. ಯಾರಿಗೂ ನೋವಾಗಬಾರದಿತ್ತು. ಆದರೆ ಆ ಎರಡು ಕಾಳಗಗಳ ಭಾರ ಎಲ್ಲಿಂದ ಬಂತೆಂದು ನೋಡುವವರಿಗೆ ತಿಳಿಯುತ್ತದೆ.

1995ರ ಆಗಸ್ಟ್ 18ರಂದು ಬಿಡುಗಡೆಯಾದ ಚಿತ್ರ ಅಮೆರಿಕದಲ್ಲಿ ಸತತ ಮೂರು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಸುಮಾರು 2 ಕೋಟಿ ಡಾಲರ್ ಹಾಕಿದ ಚಿತ್ರ ಜಗತ್ತಿನಲ್ಲಿ 12 ಕೋಟಿ ಗಳಿಸಿತು. ಬೆಲ್ಜಿಯಂನ ಸಂಗೀತಗಾರರ ಆ ಶೀರ್ಷಿಕೆ ಗೀತೆ ಸಿನಿಮಾ ನೋಡದವರ ಕಿವಿಗೂ ತಲುಪಿತು. ರಕ್ತ ಹೆಚ್ಚಿರಲಿಲ್ಲ. ಸೆನೆಟ್ ತನಕ ಹೋದ ರಕ್ತ ಇಲ್ಲದೆಯೂ ಜನ ಬಂದರೆಂದರೆ, ಅವರಿಗೆ ಬೇಕಾಗಿದ್ದದ್ದು ಹೊಡೆದಾಟವೇ.

1997ರ ಎರಡನೆಯ ಭಾಗ ‘ಅನಿಹಿಲೇಶನ್’ ಈ ಪಾಠವನ್ನೇ ಮರೆಯಿತು. ಪಾತ್ರಗಳು ಸಂತೆಯಂತೆ ನೆರೆದವು, ಗ್ರಾಫಿಕ್ಸ್ ಪೇಲವವಾಗಿತ್ತು, ತಮ್ಮ ಹಳೆಯ ಪಾತ್ರಕ್ಕೆ ಮರಳಿದ ನಟರು ಇಬ್ಬರೇ. ಆದರೆ ಅದರಲ್ಲಿ ರಾಬಿನ್ ಶೂ ಅವರಿಗೆ ಡ್ಯೂಪ್ ಆಗಿ ಕೆಲಸ ಮಾಡಿದ ಥಾಯ್ ಹುಡುಗನ ಹೆಸರು ಟೋನಿ ಜಾ. ಆರು ವರ್ಷಗಳ ನಂತರ ‘ಓಂಗ್-ಬಾಕ್’ನಲ್ಲಿ ಹಗ್ಗವಿಲ್ಲದೆ, ಗ್ರಾಫಿಕ್ಸ್ ಇಲ್ಲದೆ ಹಾರಿ ಅವರು ಜಗತ್ತನ್ನು ಬೆರಗುಗೊಳಿಸಿದರು. ಆ ಕೆಟ್ಟ ಚಿತ್ರದ ಯಾವುದೋ ಜಿಗಿತದಲ್ಲಿ, ಬೇರೆಯವರ ತಲೆಗೂದಲಿನ ಮರೆಯಲ್ಲಿ, ಅವರು ಇದ್ದಾರೆ.

ಇನ್ನು ಗೇಮ್‌ಗೆ ಮೈ ಕೊಟ್ಟವರ ಮಾತು. ಮಾರ್ಟಲ್ ಕಾಂಬ್ಯಾಟ್ ಸಿನಿಮಾದಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಹೋ-ಸಂಗ್ ಪಾಕ್ ಹಾಂಗ್‌ಕಾಂಗ್‌ಗೆ ಹೋಗಿ 1994ರ ‘ಡ್ರಂಕನ್ ಮಾಸ್ಟರ್ 2’ರಲ್ಲಿ ಜಾಕಿ ಚಾನ್ ಎದುರು ಖಳರ ಕಡೆ ನಿಂತರು. ಶಿಕಾಗೊದಲ್ಲಿ ಡೇನಿಯಲ್ ಪೆಸಿನಾ ಕೋರ್ಟಿಗೆ ಹೋದರು. ನನ್ನ ರೂಪವನ್ನು ಅಂಗಡಿ ಯಂತ್ರಕ್ಕೆಂದು ಕೊಟ್ಟೆ, ಮನೆಯ ಗೇಮ್‌ಗಳಲ್ಲೂ ಮಾರಿದ್ದೀರಿ ಎಂಬುದು ಅವರ ವಾದ. 1996ರಲ್ಲಿ ತೀರ್ಪು ಬಂತು: ಚಿತ್ರ ಎಷ್ಟು ಬದಲಾಗಿದೆಯೆಂದರೆ ಆಡುವವರಿಗೆ ಅದು ಪೆಸಿನಾ ಎಂದು ಗುರುತು ಸಿಗುವುದಿಲ್ಲ. ಸೋನ್ಯಾ ಆಗಿದ್ದ ಎಲಿಜಬೆತ್ ಮಲೆಕಿ, ಕಿಟಾನಾ ಆಗಿದ್ದ ಕ್ಯಾಟಲಿನ್ ಜಮಿಯಾರ್ ಮೊದಲಾದವರ ದಾವೆಯೂ ಮರುವರ್ಷ ಬಿದ್ದುಹೋಯಿತು. ಕಾನೂನಿನ ಲೆಕ್ಕ ಏನೇ ಇರಲಿ, ನನಗೆ ಇದು ಅನ್ಯಾಯವಾಗಿಯೇ ಕಾಣುತ್ತದೆ. ಮುಖ ಗುರುತು ಸಿಗದಿರಬಹುದು. ಆ ನಿಲುವು, ಆ ಗಿರಕಿ, ಬಿದ್ದು ಏಳುವಾಗಿನ ಆ ತೂಕ ಲಕ್ಷಾಂತರ ಮಕ್ಕಳಿಗೆ ಕಂಠಪಾಠವಾಗಿತ್ತು. ಅದು ಅವರದೇ ಆಗಿತ್ತು.

ಆಮೇಲಿನ ಚಿತ್ರಗಳನ್ನು ಬೇಗ ದಾಟಬಹುದು. 2006ರ ‘ಡಿಒಎ’ ಮಾಡಿದ ಕೋರಿ ಯೂನ್ ಜಾಕಿ ಚಾನ್ ಜತೆ ಒಂದೇ ಒಪೆರಾ ಶಾಲೆಯಲ್ಲಿ ಕಲಿತವರು, ಆ ಕಸುಬು ಚಿತ್ರದಲ್ಲಿ ಅಲ್ಲಲ್ಲಿ ಮಿಂಚುತ್ತದೆ. 2009ರ ಚುನ್-ಲಿ ಚಿತ್ರ, 2010ರ ‘ಕಿಂಗ್ ಆಫ್ ಫೈಟರ್ಸ್’ ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ. ಅದೇ ಹೊತ್ತಿಗೆ ಬಂದ ‘ಟೆಕ್ಕನ್’ನಲ್ಲಿ ಬ್ರಯಾನ್ ಫ್ಯೂರಿಯಾಗಿ ಕಾಣಿಸಿಕೊಂಡವರು, ಹಡಗಿನ ಮೇಲೆ ಕೆನ್ ಆಗಿದ್ದ ಅದೇ ಗ್ಯಾರಿ ಡೇನಿಯಲ್ಸ್. ಈ ಇಡೀ ಯುಗವನ್ನು ಮೈಮೇಲೆ ಹೊತ್ತು ದಾಟಿದವರು ಅವರು.

2021ರ ಹೊಸ ‘ಮಾರ್ಟಲ್ ಕಾಂಬ್ಯಾಟ್’ ಆಸ್ಟ್ರೇಲಿಯಾದಲ್ಲಿ ತಯಾರಾಯಿತು. ಇಡೀ ಚಿತ್ರದ ಬಗ್ಗೆ ನನಗೆ ತಕರಾರುಗಳಿವೆ, ಮೊದಲ ಹತ್ತು ನಿಮಿಷಗಳ ಬಗ್ಗೆ ಒಂದೂ ಇಲ್ಲ. 17ನೇ ಶತಮಾನದ ಜಪಾನಿನ ಹಳ್ಳಿಮನೆ. ಒಬ್ಬ ಜಪಾನಿ ಭಾಷೆಯಲ್ಲಿ, ಇನ್ನೊಬ್ಬ ಚೀನೀ ಭಾಷೆಯಲ್ಲಿ ಮಾತಾಡುತ್ತಾನೆ. ಸಬ್-ಜೀರೊ ಆಗಿ ಬಂದವರು ಇಂಡೋನೇಷ್ಯಾದ ರಾಷ್ಟ್ರೀಯ ಜೂಡೊ ತಂಡದಲ್ಲಿದ್ದ ಜೋ ತಸ್ಲಿಮ್. ಎದುರಿಗೆ, ಮುಂದೆ ಸ್ಕಾರ್ಪಿಯನ್ ಆಗಲಿರುವ ಹಾನ್ಜೊ ಆಗಿ ಅರವತ್ತರ ಹೊಸ್ತಿಲಿನ ಹಿರೋಯುಕಿ ಸನಾಡಾ, ಹುಡುಗನಾಗಿದ್ದಾಗಲೇ ಸೋನಿ ಚಿಬಾ ಗರಡಿಯಲ್ಲಿ ಪಳಗಿದವರು. ನೀರು ತರಲು ಹೋಗಿ ಮರಳಿದ ಹಾನ್ಜೊಗೆ ಹೆಂಡತಿ ಮತ್ತು ಮಗ ಹಿಮಗಟ್ಟಿ ಸತ್ತಿರುವುದು ಕಾಣುತ್ತದೆ. ಕೈಗೆ ಸಿಗುವ ಆಯುಧವೆಂದರೆ, ಕೆಲವೇ ಹೊತ್ತಿನ ಮೊದಲು ಅವಳು ಗಿಡದ ಬುಡ ಅಗೆಯುತ್ತಿದ್ದ ಪುಟ್ಟ ಕಬ್ಬಿಣದ ಕುನಾಯ್. ಸನಾಡಾ ಅದರ ಹಿಡಿಯ ಬಳೆಗೆ ಹಗ್ಗ ಪೋಣಿಸುತ್ತಾರೆ, ಬಿಗಿಯಾಗಿ ಗಂಟು ಹಾಕುತ್ತಾರೆ. 1992ರಲ್ಲಿ ಶಿಕಾಗೊದಲ್ಲಿ, ಕೈಯಲ್ಲಿ ಏನೂ ಇಲ್ಲದೆ, ಆಮೇಲೆ ಚಿತ್ರಿಸಲಿದ್ದ ಹಗ್ಗವೊಂದನ್ನು ಮನಸ್ಸಿನಲ್ಲೇ ಹಿಡಿದು ಸ್ಕಾರ್ಪಿಯನ್ ಆಗಿ ಡೇನಿಯಲ್ ಪೆಸಿನಾ ಬೀಸಿದ್ದ ತೋಳು ಇಲ್ಲಿ ಮತ್ತೆ ಹಿಂದಕ್ಕೆ ಹೋಗುತ್ತದೆ. ಈ ಸಲ ಹಗ್ಗ ನಿಜವಾದದ್ದು.